ಎರಡು ಕೆರೆಗಳು ಮತ್ತು ಒಂದು ಲೋಟ

ನಾವು ಪ್ರಾಥಮಿಕ ಶಾಲೆಯನ್ನು ಉರ್ದುವಿನಲ್ಲಿ, ಹೈಸ್ಕೂಲನ್ನು ಕನ್ನಡದಲ್ಲಿ ಓದಿದವರು. ಹಾಗಾಗಿ ಒಂದೇ ಪಾಠವನ್ನು ಎರಡು ಸಲ ಬಾಯಿಪಾಠ ಮಾಡಿದ್ದೇವೆ. ಉರ್ದು ಮೇಷ್ಟ್ರು ಅದನ್ನು ‘ಜುಮ್ಹೂರಿಯತ್’ ಎಂದು ಕಲಿಸಿದರು. ಕನ್ನಡ ಮೇಷ್ಟ್ರು ‘ಪ್ರಜಾಪ್ರಭುತ್ವ’ ಎಂದರು. ಜುಮ್ಹೂರ್ ಎಂದರೆ ಜನಸಮೂಹ, ಸರ್ವಸಾಮಾನ್ಯರು. ಪ್ರಜೆ ಎಂಬ ಪದಕ್ಕೆ ರಾಜನ ಆಳ್ವಿಕೆಗೆ ಒಳಪಟ್ಟವನು ಎಂಬ ಹಳೆಯ ಅರ್ಥವಿದೆ. ಆ ಪ್ರಜೆಯೇ ಪ್ರಭುವಾಗುವುದು ಪ್ರಜಾಪ್ರಭುತ್ವ. ಎರಡು ಪದಗಳೂ ಚೆಂದವೇ. ಆದರೆ ಪದ ಬದಲಾದರೂ ಪಾಠ ಬದಲಾಗಲಿಲ್ಲ. ಮತದಾನ, ಲೋಕಸಭೆ, ರಾಜ್ಯಸಭೆ, ಸದಸ್ಯರ ಸಂಖ್ಯೆ, ಅವಧಿ ಎಷ್ಟು ವರ್ಷ ಎಂದು ಬರೆದರೆ ಪೂರ್ತಿ ಅಂಕ. ಪ್ರಜಾಪ್ರಭುತ್ವ ಎಂಬುದು ದಿಲ್ಲಿಯಲ್ಲೋ ಬೆಂಗಳೂರಿನಲ್ಲೋ ಇರುತ್ತದೆ, ಚುನಾವಣೆ ಬಂದಾಗ ಒಂದು ದಿನ ಮತಪೆಟ್ಟಿಗೆಯ ರೂಪದಲ್ಲಿ ನಮ್ಮ ಶಾಲೆಯ ಕೋಣೆಗೆ ಬಂದುಹೋಗುತ್ತದೆ ಎಂದೇ ನಾವು ತಿಳಿದಿದ್ದೆವು.

ಅದೇ ಕಾಲದಲ್ಲಿ ನಮ್ಮ ಮನೆಯ ಹಿತ್ತಲ ಗೋಡೆಯ ಗೂಡಿನಲ್ಲಿ ಒಂದು ಅಲ್ಯೂಮಿನಿಯಂ ಲೋಟ ಇರುತ್ತಿತ್ತು. ಮನೆಯವರು ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಚರಂಡಿ ಬಳಿಯಲು ಬರುತ್ತಿದ್ದ ಹೆಂಗಸಿಗೆ ಚಹಾ ಕೊಡಲೆಂದೇ ಇದ್ದ ಲೋಟ ಅದು. ಆಕೆ ಕೆಲಸ ಮುಗಿಸಿ ಹಿತ್ತಲ ಬಾಗಿಲ ಬಳಿ ಕೂತು ಲೋಟ ಮುಂದೆ ಹಿಡಿದರೆ, ನಮ್ಮ ಅಜ್ಜಿ ಮೇಲಿನಿಂದ ಚಹಾ ಹೊಯ್ಯುತ್ತಿದ್ದರು. ಕುಡಿದಾದ ಮೇಲೆ ಆಕೆಯೇ ಅದನ್ನು ತೊಳೆದು ಗೂಡಿನಲ್ಲಿಟ್ಟು ಹೋಗುತ್ತಿದ್ದಳು. ಅಜ್ಜಿ ಐದು ಹೊತ್ತಿನ ನಮಾಜು ತಪ್ಪಿಸಿದವರಲ್ಲ. ಮನೆ ಬಾಗಿಲಿಗೆ ಬಂದ ಯಾರನ್ನೂ ಬರಿಗೈಯಲ್ಲಿ ಕಳಿಸಿದವರೂ ಅಲ್ಲ. ಆ ಲೋಟದಲ್ಲಿ ಅವರಿಗೆ ತಪ್ಪೇನೂ ಕಾಣುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನಮಗೂ ಕಾಣುತ್ತಿರಲಿಲ್ಲ.

ಆ ಲೋಟಕ್ಕೂ ನಾವು ಬಾಯಿಪಾಠ ಮಾಡುತ್ತಿದ್ದ ಪಾಠಕ್ಕೂ ಸಂಬಂಧವಿದೆ ಎಂದು ಎರಡೂ ಶಾಲೆಗಳಲ್ಲಿ ಯಾರೂ ಹೇಳಲಿಲ್ಲ. ಅದು ತಿಳಿದದ್ದು ಬಹಳ ವರ್ಷಗಳ ನಂತರ, ಎರಡು ಕೆರೆಗಳ ಚರಿತ್ರೆ ಓದಿದಾಗ. ಒಂದು, ಕೊಂಕಣದ ಮಹಾಡ್ ಪಟ್ಟಣದ ಚವದಾರ್ ಕೆರೆ. ಇನ್ನೊಂದು, ಔರಂಗಾಬಾದ್ ಸಮೀಪದ ದೌಲತಾಬಾದ್ ಕೋಟೆಯ ಬಾಗಿಲಲ್ಲಿದ್ದ ಕೆರೆ. ಎರಡೂ ಕಡೆ ಬಾಯಾರಿ ನಿಂತವರು ಡಾ. ಬಿ.ಆರ್. ಅಂಬೇಡ್ಕರ್ ಮತ್ತು ಅವರ ಜನ. ಎರಡೂ ಕಡೆ ಮುಸ್ಲಿಮರಿದ್ದರು. ಆದರೆ ಎರಡು ಕಡೆ ಅವರು ನಡೆದುಕೊಂಡ ರೀತಿ ಒಂದೇ ಆಗಿರಲಿಲ್ಲ.

ಮೊದಲು ಮಹಾಡ್‌ನ ಕಥೆ. 1923ರ ಆಗಸ್ಟ್ 4ರಂದು ಮುಂಬಯಿ ಶಾಸನಸಭೆಯಲ್ಲಿ ಸೀತಾರಾಮ್ ಕೇಶವ್ ಬೋಳೆ ಎಂಬ ಸದಸ್ಯರು ಒಂದು ಗೊತ್ತುವಳಿ ಮಂಡಿಸಿದರು. ಸಾರ್ವಜನಿಕ ಹಣದಿಂದ ಕಟ್ಟಿ ನಡೆಸುವ ಕೆರೆ, ಬಾವಿ, ಧರ್ಮಶಾಲೆಗಳನ್ನು, ಹಾಗೆಯೇ ಸರ್ಕಾರಿ ಶಾಲೆ, ನ್ಯಾಯಾಲಯ, ಕಚೇರಿ, ದವಾಖಾನೆಗಳನ್ನು ಅಸ್ಪೃಶ್ಯರೂ ಬಳಸಬಹುದು ಎಂಬುದು ಅದರ ಸಾರ. ಗೊತ್ತುವಳಿ ಅಂಗೀಕಾರವಾಯಿತು. ಸರ್ಕಾರ ತನ್ನ ಇಲಾಖೆಗಳಿಗೆ ಆದೇಶವನ್ನೂ ಕಳಿಸಿತು. ಆಗ ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರಗಳೂ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು ಎಂಬುದನ್ನು ಕನ್ನಡ ಓದುಗರು ಗಮನಿಸಬೇಕು. ಅಂದರೆ ಉತ್ತರ ಕರ್ನಾಟಕದ ಬಹುಭಾಗದ ಸರ್ಕಾರಿ ಕೆರೆ ಬಾವಿಗಳೂ ಅಂದೇ, ಕಾಗದದ ಮೇಲೆ, ಎಲ್ಲರಿಗೂ ತೆರೆದಿದ್ದವು.

ಮಹಾಡ್ ಪುರಸಭೆ 1924ರ ಜನವರಿಯಲ್ಲಿ ಇದನ್ನು ಒಪ್ಪಿ ತಾನೂ ನಿರ್ಣಯ ಮಾಡಿತು. ಸಭೆ ಸೇರಿತ್ತು, ಚರ್ಚೆಯಾಗಿತ್ತು, ಬಹುಮತ ಬಂದಿತ್ತು, ದಾಖಲೆಯಾಗಿತ್ತು. ನಮ್ಮ ಶಾಲೆಯ ಪಾಠದ ಪ್ರಕಾರ ಪ್ರಜಾಪ್ರಭುತ್ವದ ಕೆಲಸ ಅಲ್ಲಿಗೆ ಮುಗಿದಿತ್ತು. ಆದರೆ ಮುಂದಿನ ಮೂರು ವರ್ಷ ಚವದಾರ್ ಕೆರೆಯ ಮೆಟ್ಟಿಲನ್ನು ಒಬ್ಬ ಅಸ್ಪೃಶ್ಯನೂ ಇಳಿಯಲಿಲ್ಲ. ಇಳಿಯುವ ಧೈರ್ಯ ಯಾರಿಗೂ ಇರಲಿಲ್ಲ. ಅದೇ ಕೆರೆಯಿಂದ ಮುಸ್ಲಿಮರು ನೀರು ಒಯ್ಯುತ್ತಿದ್ದರು. ದನಕರುಗಳಿಗೂ ಅಡ್ಡಿಯಿರಲಿಲ್ಲ.

1927ರ ಮಾರ್ಚ್ 19 ಮತ್ತು 20ರಂದು ಮಹಾಡ್‌ನಲ್ಲಿ ಕೊಲಾಬಾ ಜಿಲ್ಲೆಯ ಅಸ್ಪೃಶ್ಯರ ಸಮ್ಮೇಳನ ನಡೆಯಿತು. ಹಳ್ಳಿಹಳ್ಳಿಗಳಿಂದ ಸಾವಿರಾರು ಜನ ನಡೆದು ಬಂದಿದ್ದರು. ಅವರಿಗೆ ಕುಡಿಯಲು ಊರಿನಲ್ಲಿ ನೀರಿರಲಿಲ್ಲ. ನಲವತ್ತು ರೂಪಾಯಿ ಕೊಟ್ಟು ಸವರ್ಣೀಯರಿಂದ ನೀರು ಕೊಳ್ಳಬೇಕಾಯಿತು. ಅಧ್ಯಕ್ಷತೆ ವಹಿಸಿದ್ದ ಅಂಬೇಡ್ಕರ್ ಆಗ ಕೊಲಂಬಿಯಾ ಮತ್ತು ಲಂಡನ್ನಿನಲ್ಲಿ ಓದಿ ಬಂದಿದ್ದ ಬ್ಯಾರಿಸ್ಟರ್. ಸಾಲದ್ದಕ್ಕೆ ಆ ವರ್ಷದ ಆರಂಭದಲ್ಲಷ್ಟೇ ಮುಂಬಯಿ ಶಾಸನಸಭೆಯ ಸದಸ್ಯರೂ ಆಗಿದ್ದರು. ಪ್ರಾಂತ್ಯಕ್ಕೆ ಕಾನೂನು ಮಾಡುವ ಸಭೆಯಲ್ಲಿ ಕೂರಬಹುದು, ಊರಿನ ಕೆರೆಯಿಂದ ಒಂದು ಬೊಗಸೆ ನೀರು ಕುಡಿಯುವಂತಿಲ್ಲ! ಅಂಬೇಡ್ಕರ್ ತಮ್ಮ ಜನರಿಗೆ ಹೇಳಿದ ಮಾತುಗಳು ಸರ್ಕಾರದ ಕುರಿತು ಮಾತ್ರ ಇರಲಿಲ್ಲ. ಸತ್ತ ದನದ ಮಾಂಸ ತಿನ್ನುವುದನ್ನು ಬಿಡಿ, ಎಂಜಲು ಬೇಡುವುದನ್ನು ಬಿಡಿ, ನಿಮ್ಮೊಳಗಿನ ಮೇಲುಕೀಳನ್ನೂ ಬಿಡಿ ಎಂದರು. ಅಂದರೆ ಬದಲಾವಣೆಯನ್ನು ಅವರು ಊಟದ ತಟ್ಟೆಯಿಂದಲೇ ಶುರು ಮಾಡಿದರು.

ಎರಡನೇ ದಿನ ಎಲ್ಲರೂ ಸಾಲಾಗಿ ಶಾಂತವಾಗಿ ಬಜಾರಿನ ಮೂಲಕ ಕೆರೆಗೆ ನಡೆದರು. ಅಂಬೇಡ್ಕರ್ ಮೆಟ್ಟಿಲಿಳಿದು ನೀರು ಕುಡಿದರು. ಹಿಂದೆ ಇದ್ದವರೂ ಕುಡಿದರು. ನಡೆದದ್ದು ಇಷ್ಟೇ. ಪುರಸಭೆಯ ನಿರ್ಣಯವೊಂದು ಮೂರು ವರ್ಷ ತಡವಾಗಿ ಜಾರಿಗೆ ಬಂತು, ಅದೂ ಜನರ ಕಾಲ್ನಡಿಗೆಯಿಂದ.

ಎರಡು ಗಂಟೆಯೊಳಗೆ ಊರಿನಲ್ಲಿ ಸುಳ್ಳು ಸುದ್ದಿ ಹರಡಿತು. ಇವರು ಈಗ ವೀರೇಶ್ವರ ದೇವಸ್ಥಾನಕ್ಕೆ ನುಗ್ಗುತ್ತಾರೆ ಎಂಬುದು ಆ ಸುದ್ದಿ. ದೊಣ್ಣೆ ಹಿಡಿದವರು ಸಮ್ಮೇಳನದ ಚಪ್ಪರಕ್ಕೆ ನುಗ್ಗಿ, ಊಟ ಮಾಡುತ್ತಿದ್ದವರನ್ನು, ಊರಿಗೆ ಹೊರಟವರನ್ನು ಹೊಡೆದರು. ಅನ್ನ ಮಣ್ಣುಪಾಲಾಯಿತು. ತಿರುಗಿ ಬೀಳಲು ಸಿದ್ಧರಾಗಿದ್ದ ತಮ್ಮವರನ್ನು ಅಂಬೇಡ್ಕರ್ ತಡೆದರು. ಏಟು ತಿಂದು ದಿಕ್ಕಾಪಾಲಾಗಿ ಓಡಿದವರಲ್ಲಿ ಅನೇಕರಿಗೆ ಬಾಗಿಲು ತೆರೆದವರು ಮಹಾಡ್‌ನ ಮುಸ್ಲಿಮರು. ಆ ಸಂಜೆ ಅವರು ಮುಸ್ಲಿಂ ಮನೆಗಳಲ್ಲಿ ಆಶ್ರಯ ಪಡೆದರು. ಮರುದಿನ ಸವರ್ಣೀಯರು 108 ಕೊಡ ಹಾಲು, ಮೊಸರು, ಸೆಗಣಿ, ಗೋಮೂತ್ರ ಸುರಿದು ಕೆರೆಯನ್ನು ‘ಶುದ್ಧ’ ಮಾಡಿದರು. ಆಗಸ್ಟ್‌ನಲ್ಲಿ ಪುರಸಭೆ 1924ರ ತನ್ನ ನಿರ್ಣಯವನ್ನು ವಾಪಸು ಪಡೆಯಿತು. ಅದೂ ಸಭೆ ಸೇರಿ, ಬಹುಮತದಿಂದಲೇ. ಬಹುಮತವೇ ಪ್ರಜಾಪ್ರಭುತ್ವ ಎಂದು ನಂಬಿದವರು ಇಲ್ಲಿ ಒಂದು ನಿಮಿಷ ನಿಂತು ಯೋಚಿಸಬೇಕು.

ಅದೇ ವರ್ಷ ಡಿಸೆಂಬರ್ 25ರಂದು ಎರಡನೇ ಸಮ್ಮೇಳನ ಸೇರಬೇಕಿತ್ತು. ಈ ಸಲ ಊರು ಮೊದಲೇ ಎಚ್ಚೆತ್ತಿತ್ತು. ಚಪ್ಪರ ಹಾಕಲು ಹಿಂದೂಗಳು ಯಾರೂ ಜಾಗ ಕೊಡಲಿಲ್ಲ. ಅಂಗಡಿಯವರು ಸಾಮಾನು ಕೊಡಲಿಲ್ಲ; ದವಸಧಾನ್ಯವನ್ನು ಹೊರಗಿನಿಂದ ತರಬೇಕಾಯಿತು. ಕೊನೆಗೆ ತನ್ನ ಜಮೀನು ಕೊಡಲು ಮುಂದೆ ಬಂದವರು ಫತ್ತೇಖಾನ್ ಎಂಬ ಮುಸ್ಲಿಂ ಗೃಹಸ್ಥರು. ಮನುಸ್ಮೃತಿಯ ದಹನ ನಡೆದದ್ದು ಆ ಸಮ್ಮೇಳನದಲ್ಲೇ. ಆ ನಿರ್ಣಯ ಮಂಡಿಸಿದವರು ಗಂಗಾಧರ ನೀಲಕಂಠ ಸಹಸ್ರಬುದ್ಧೆ, ಹುಟ್ಟಿನಿಂದ ಬ್ರಾಹ್ಮಣರು. ಮಹಾಡ್‌ನ ಕಥೆಯನ್ನು ಒಂದು ಜಾತಿ ಇನ್ನೊಂದರ ಮೇಲೆ ಎತ್ತಿದ ಕೂಗು ಎಂದು ಸರಳ ಮಾಡಲಾಗದು ಎಂಬುದಕ್ಕೆ ಇವೆರಡು ಹೆಸರುಗಳೇ ಸಾಕ್ಷಿ.

ಕೆರೆ ತಮ್ಮ ಖಾಸಗಿ ಆಸ್ತಿ ಎಂದು ಸವರ್ಣೀಯರು ಅಷ್ಟರಲ್ಲಿ ನ್ಯಾಯಾಲಯದಿಂದ ತಡೆಯಾಜ್ಞೆ ತಂದಿದ್ದರು. ಅಂಬೇಡ್ಕರ್ ಆಜ್ಞೆಯನ್ನು ಮೀರಲಿಲ್ಲ. ಜನರು ಕೆರೆಯನ್ನು ಸುತ್ತಿ ಮೆರವಣಿಗೆ ಮಾಡಿ ಹಿಂದಿರುಗಿದರು. ಆ ಸಮ್ಮೇಳನದ ಭಾಷಣದಲ್ಲಿ ಅವರು ಹೇಳಿದ್ದರ ತಾತ್ಪರ್ಯ ಇದು: ಚವದಾರ್ ಕೆರೆಯ ನೀರು ಕುಡಿದರೆ ನಾವು ಅಮರರಾಗುವುದಿಲ್ಲ, ಕುಡಿಯದೆಯೂ ಇಷ್ಟು ಕಾಲ ಬದುಕಿದ್ದೇವೆ, ನಾವೂ ಎಲ್ಲರಂತೆ ಮನುಷ್ಯರು ಎಂದು ಸಾರುವುದಕ್ಕಾಗಿ ಮಾತ್ರ ಅಲ್ಲಿಗೆ ಹೋಗುತ್ತಿದ್ದೇವೆ. ಈ ಸಭೆಯನ್ನು ಅವರು 1789ರ ಫ್ರಾನ್ಸಿನ ರಾಷ್ಟ್ರೀಯ ಸಭೆಗೆ ಹೋಲಿಸಿದರು.

ಸಮ್ಮೇಳನದ ಕೊನೆಯಲ್ಲಿ ಅವರು ಹೆಂಗಸರನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು ಮಾತಾಡಿದರು. ಜಾತಿಯ ಗುರುತಾಗಿ ಉಡುವ ರೀತಿಯನ್ನು ಬಿಟ್ಟು ಮೇಲ್ಜಾತಿಯ ಹೆಂಗಸರಂತೆಯೇ ಸೀರೆ ಉಡಿ, ಕೈತುಂಬ ಕತ್ತುತುಂಬ ಹೊರುವ ಲೋಹದ ಒಡವೆಗಳನ್ನು ಇಳಿಸಿ, ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಿ ಎಂದರು. ಮರುದಿನವೇ ಅನೇಕರು ಹೊಸ ರೀತಿಯಲ್ಲಿ ಸೀರೆ ಉಟ್ಟು ಹೊರಟರು. ಚಳವಳಿಯ ಜೊತೆಗಿದ್ದ ಚಿತ್ರೆ ಮತ್ತು ಟಿಪ್ನಿಸ್ ಕುಟುಂಬಗಳ ಮಹಿಳೆಯರು ಅವರಿಗೆ ಉಡಲು ಕಲಿಸಿದರು. ನಮ್ಮ ದೃಷ್ಟಿಯಲ್ಲಿ ಮಹಾಡ್‌ನ ಅತಿ ದೊಡ್ಡ ಘಟನೆ ಇದೇ. ಶಾಸನಸಭೆಯ ಗೊತ್ತುವಳಿ ಮೂರು ವರ್ಷದಲ್ಲಿ ಮಾಡಲಾಗದ್ದನ್ನು ಸೀರೆಯ ಮಡಿಕೆ ಒಂದು ರಾತ್ರಿಯಲ್ಲಿ ಮಾಡಿತು. ಕೆರೆಯ ಮೊಕದ್ದಮೆ ಮಾತ್ರ ಹತ್ತು ವರ್ಷ ಎಳೆಯಿತು. 1937ರ ಮಾರ್ಚ್‌ನಲ್ಲಿ ಮುಂಬಯಿ ಹೈಕೋರ್ಟು ಅಸ್ಪೃಶ್ಯರ ಪರವಾಗಿ ತೀರ್ಪು ಕೊಟ್ಟಿತು.

ಇಲ್ಲಿಯವರೆಗೆ ಓದಿ ನಮ್ಮ ಎದೆ ಸ್ವಲ್ಪ ಉಬ್ಬುತ್ತದೆ. ಬಾಗಿಲು ತೆರೆದವರು ನಮ್ಮವರು, ಜಾಗ ಕೊಟ್ಟವರು ನಮ್ಮವರು. ಸಭೆಗಳಲ್ಲಿ ನಾವು ಈ ಮಾತನ್ನು ಹೇಳುತ್ತಲೂ ಇರುತ್ತೇವೆ. ಆದರೆ ಚರಿತ್ರೆಯನ್ನು ಅರ್ಧಕ್ಕೆ ನಿಲ್ಲಿಸುವ ಹಕ್ಕು ನಮಗಿಲ್ಲ. ಈಗ ಎರಡನೇ ಕೆರೆಗೆ ಬರೋಣ.

1934ರಲ್ಲಿ ಅಂಬೇಡ್ಕರ್ ತಮ್ಮ ಸಂಗಾತಿಗಳೊಂದಿಗೆ ಎಲ್ಲೋರದ ಗುಹೆಗಳನ್ನು ನೋಡಲು ಹೊರಟರು. ಮೂವತ್ತು ಜನರ ತಂಡ. ದಾರಿಯಲ್ಲಿ ದೌಲತಾಬಾದ್ ಕೋಟೆ ನೋಡಲು ಇಳಿದರು. ಅದು ನಿಜಾಮರ ಹೈದರಾಬಾದ್ ಸಂಸ್ಥಾನ. ನಮ್ಮ ಗುಲ್ಬರ್ಗ, ಬೀದರ್, ರಾಯಚೂರುಗಳೂ ಆಗ ಅದೇ ಆಡಳಿತದಲ್ಲಿದ್ದವು. ರಂಜಾನ್ ತಿಂಗಳು. ಕೋಟೆಯ ಹೆಬ್ಬಾಗಿಲ ಹೊರಗೆ ತುಂಬಿ ತುಳುಕುವ ಒಂದು ಪುಟ್ಟ ಕೆರೆ. ಪ್ರಯಾಣದ ಧೂಳು ಮೆತ್ತಿದ್ದ ಕೆಲವರು ಅಲ್ಲಿ ಕೈಕಾಲು ಮುಖ ತೊಳೆದುಕೊಂಡು ಕೋಟೆಯ ಬಾಗಿಲಿಗೆ ಬಂದರು.

ಅಷ್ಟರಲ್ಲಿ ಹಿಂದಿನಿಂದ ಬಿಳಿಗಡ್ಡದ ಮುದುಕನೊಬ್ಬ ಕೂಗುತ್ತಾ ಓಡಿ ಬಂದ. ಅಸ್ಪೃಶ್ಯರು ಕೆರೆ ಕೆಡಿಸಿದರು ಎಂಬುದು ಅವನ ಕೂಗು. ಸುತ್ತಲಿದ್ದ ಮುಸ್ಲಿಮರೆಲ್ಲ ಸೇರಿ ಬಯ್ಯತೊಡಗಿದರು. ನಾವು ಹೊರಗಿನವರು, ಇಲ್ಲಿಯ ಪದ್ಧತಿ ತಿಳಿಯದು ಎಂದು ಹೇಳಿದರೂ ಗಲಾಟೆ ನಿಲ್ಲಲಿಲ್ಲ; ಸ್ಥಳೀಯ ಅಸ್ಪೃಶ್ಯರ ಮೇಲೂ ಕೋಪ ತಿರುಗಿತು. ಕೊನೆಗೆ ಅಂಬೇಡ್ಕರ್ ಸಹನೆ ಕಳೆದುಕೊಂಡು ಕೇಳಿದರು: ಇದನ್ನೇ ನಿಮ್ಮ ಧರ್ಮ ಕಲಿಸುವುದೇ? ಒಬ್ಬ ಅಸ್ಪೃಶ್ಯ ಮುಸಲ್ಮಾನನಾದರೆ ಅವನನ್ನೂ ಈ ಕೆರೆಯಿಂದ ತಡೆಯುತ್ತೀರಾ? ಗುಂಪು ಸುಮ್ಮನಾಯಿತು. ಉತ್ತರ ಮಾತ್ರ ಯಾರೂ ಕೊಡಲಿಲ್ಲ. ಕೋಟೆಯೊಳಗೆ ಎಲ್ಲೂ ನೀರು ಮುಟ್ಟಕೂಡದು ಎಂಬ ಷರತ್ತಿನ ಮೇಲೆ ಒಳಗೆ ಬಿಟ್ಟರು. ನೀರು ಮುಟ್ಟದಂತೆ ನೋಡಿಕೊಳ್ಳಲು ಶಸ್ತ್ರಧಾರಿ ಕಾವಲುಗಾರನೊಬ್ಬನನ್ನು ಜೊತೆಗೆ ಕಳಿಸಿದರು.

ಇದನ್ನು ಅಂಬೇಡ್ಕರ್ ತಮ್ಮ ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಪುಟ್ಟ ಆತ್ಮಕಥನದಲ್ಲಿ ಬರೆದಿದ್ದಾರೆ. ಹಿಂದೂವಿಗೆ ಅಸ್ಪೃಶ್ಯನಾದವನು ಮುಸಲ್ಮಾನನಿಗೂ ಅಸ್ಪೃಶ್ಯನೇ ಎಂದು ತೋರಿಸಲು ಅವರು ಈ ಘಟನೆಯನ್ನು ದಾಖಲಿಸಿದರು. ಇದನ್ನು ಮೊದಲು ಓದಿದಾಗ ನಮಗೆ ಆ ಬಿಳಿಗಡ್ಡದ ಮುದುಕನ ಮೇಲೆ ಸಿಟ್ಟು ಬಂತು. ಆಮೇಲೆ ಹಿತ್ತಲ ಗೂಡಿನ ಲೋಟ ನೆನಪಾಯಿತು. ಸಿಟ್ಟು ಇಳಿದು ನಾಚಿಕೆಯಾಯಿತು. ಮುದುಕನೂ ಆ ದಿನ ರೋಜಾ ಇದ್ದಿರಬಹುದು. ಬಾಯಾರಿಕೆ ಎಂದರೇನು ಎಂದು ಅವನಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಓಡಿ ಬಂದ.

ಮಹಾಡ್‌ನ ಫತ್ತೇಖಾನ್ ಮತ್ತು ದೌಲತಾಬಾದಿನ ಮುದುಕ ಇಬ್ಬರ ಕಲಿಮಾ ಒಂದೇ, ಕಿಬ್ಲಾ ಒಂದೇ. ಇಬ್ಬರೂ ನಮಾಜಿನ ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವುದನ್ನು ಕಲಿತವರು. ಹಾಗಾದರೆ ವ್ಯತ್ಯಾಸ ಎಲ್ಲಿತ್ತು? ಧರ್ಮಗ್ರಂಥದಲ್ಲಿ ಇರಲಿಲ್ಲ. ಒಬ್ಬರು ಸಫ್‌ನಲ್ಲಿ ಕಲಿತದ್ದನ್ನು ಮಸೀದಿಯ ಹೊರಗೂ ತಂದರು. ಇನ್ನೊಬ್ಬ ಚಪ್ಪಲಿ ಮೆಟ್ಟುವಾಗ ಅದನ್ನು ಒಳಗೇ ಬಿಟ್ಟು ಬಂದ. ಸಮಾನತೆ ನಮ್ಮ ಧರ್ಮದಲ್ಲಿದೆ ಎಂದು ಹೇಳಿಕೊಳ್ಳುವುದು ಮತ್ತು ಸಮಾನತೆಯಿಂದ ಬದುಕುವುದು ಬೇರೆ ಬೇರೆ. ಸಂವಿಧಾನದಲ್ಲಿದೆ ಎಂದು ಹೇಳಿಕೊಳ್ಳುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಈ ಮಾತಿಗೆ ಅಂಬೇಡ್ಕರ್ ಒಂದು ಚಿಂತನೆಯ ಚೌಕಟ್ಟನ್ನೂ ಕೊಟ್ಟರು. 1913ರಿಂದ 1916ರವರೆಗೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದುವಾಗ ಅವರ ಮೇಲೆ ಗಾಢ ಪ್ರಭಾವ ಬೀರಿದ ಗುರು ಜಾನ್ ಡ್ಯೂಯಿ. ಪ್ರಜಾಪ್ರಭುತ್ವ ಎಂದರೆ ಕೇವಲ ಸರ್ಕಾರದ ಒಂದು ವಿಧಾನವಲ್ಲ, ಜನ ಒಟ್ಟಿಗೆ ಬದುಕುವ, ಅನುಭವಗಳನ್ನು ಹಂಚಿಕೊಳ್ಳುವ ರೀತಿ ಎಂದು ಡ್ಯೂಯಿ 1916ರಲ್ಲಿ ಪ್ರಕಟವಾದ ಶಿಕ್ಷಣ ಕುರಿತ ತಮ್ಮ ಗ್ರಂಥದಲ್ಲಿ ಬರೆದಿದ್ದರು. 1936ರಲ್ಲಿ ಲಾಹೋರಿನ ಜಾತ್‌ಪಾತ್ ತೋಡಕ್ ಮಂಡಲಕ್ಕಾಗಿ ಸಿದ್ಧಪಡಿಸಿ, ಸಮ್ಮೇಳನವೇ ರದ್ದಾದ್ದರಿಂದ ಪುಸ್ತಕವಾಗಿ ಪ್ರಕಟಿಸಿದ ‘ಜಾತಿ ವಿನಾಶ’ ಭಾಷಣದಲ್ಲಿ ಅಂಬೇಡ್ಕರ್ ಇದೇ ವಿಚಾರವನ್ನು ಭಾರತದ ಊರುಕೇರಿಗೆ ತಂದರು. ಪ್ರಜಾಪ್ರಭುತ್ವದ ಮೂಲ ಜೊತೆಯಲ್ಲಿರುವವರ ಬಗ್ಗೆ ನಾವು ತಾಳುವ ಗೌರವದಲ್ಲಿದೆ ಎಂದರು. ಒಂದು ಕೇರಿಯ ಅನುಭವ ಇನ್ನೊಂದು ಕೇರಿಗೆ ಹರಿದುಹೋಗಲು ದಾರಿಗಳಿರಬೇಕು. ಜಾತಿ ಆ ದಾರಿಗಳನ್ನು ಮುಚ್ಚುತ್ತದೆ. ಹೀಗಾಗಿ ಜಾತಿ ಇದ್ದಲ್ಲಿ ಚುನಾವಣೆ ನಡೆಯಬಹುದು, ಪ್ರಜಾಪ್ರಭುತ್ವ ನಡೆಯದು.

ಸಂವಿಧಾನ ರಚನಾ ಸಭೆಯಲ್ಲೂ ಅವರು ಈ ಆತಂಕವನ್ನು ಮುಚ್ಚಿಡಲಿಲ್ಲ. ಭಾರತದ ಮಣ್ಣು ಮೂಲತಃ ಪ್ರಜಾಪ್ರಭುತ್ವದ್ದಲ್ಲ, ಪ್ರಜಾಪ್ರಭುತ್ವ ಅದರ ಮೇಲೆ ಹರಡಿದ ತೆಳು ಹೊದಿಕೆ ಮಾತ್ರ ಎಂದು 1948ರ ನವೆಂಬರ್‌ನಲ್ಲಿ ಎಚ್ಚರಿಸಿದರು. 1949ರ ನವೆಂಬರ್ 25ರ ಭಾಷಣದಲ್ಲಿ, ರಾಜಕೀಯದಲ್ಲಿ ಸಮಾನತೆ ಪಡೆದು ಸಾಮಾಜಿಕ ಬದುಕಿನಲ್ಲಿ ಅಸಮಾನತೆ ಉಳಿಸಿಕೊಂಡರೆ ಕಟ್ಟಿದ್ದೆಲ್ಲ ಕುಸಿಯುತ್ತದೆ ಎಂದರು. ನಮ್ಮ ಸಂವಿಧಾನದ 15ನೇ ವಿಧಿಯನ್ನು ಒಮ್ಮೆ ತೆಗೆದು ಓದಬೇಕು. ಅಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಮಾತಿದೆ. ದೇಶವೊಂದರ ಅತ್ಯುನ್ನತ ಗ್ರಂಥದಲ್ಲಿ ಬಾವಿ, ಕೆರೆ ಎಂದು ಬರೆಯಬೇಕಾಗಿ ಬಂದದ್ದು ಯಾಕೆ ಎಂಬುದು ಚವದಾರ್ ಕೆರೆಯ ಕಥೆ ತಿಳಿದವರಿಗೆ ವಿವರಿಸಬೇಕಾಗಿಲ್ಲ.

ಇದೆಲ್ಲ ಹಳೆಯ ಕಥೆ ಎಂದು ಯಾರಾದರೂ ಹೇಳಬಹುದು. 2022ರಲ್ಲಿ ಕರ್ನಾಟಕದ ಕರಾವಳಿಯ ಕೆಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಬಿಡಲಿಲ್ಲ. ತಲೆಮಾರುಗಳಿಂದ ಬಳೆ, ಬತ್ತಾಸು, ಆಟಿಕೆ ಮಾರುತ್ತಿದ್ದವರು ಗಂಟು ಕಟ್ಟಿ ಹಿಂದಿರುಗಿದರು. 1927ರ ಡಿಸೆಂಬರ್‌ನಲ್ಲಿ ಮಹಾಡ್‌ನ ಅಂಗಡಿಗಳು ಬಾಗಿಲು ಹಾಕಿದ್ದು ಆಗ ನಮಗೆ ನೆನಪಾಯಿತು. ಪಟ್ಟಣಗಳಲ್ಲಿ ನಮ್ಮ ಹೆಸರು ಕೇಳಿದ ಕೂಡಲೇ ‘ಮನೆ ಈಗಷ್ಟೇ ಬೇರೆಯವರಿಗೆ ಆಯಿತು’ ಎಂಬ ಮಾತು ಬರುವುದು ನಮಗೆ ಹೊಸತಲ್ಲ. ಹೊರಗೆ ನಿಲ್ಲಿಸಿದಾಗ ಆಗುವ ನೋವು ಏನು ಎಂದು ಈಗ ನಮಗೂ ಚೆನ್ನಾಗಿ ಗೊತ್ತು. ಅದನ್ನು ಪ್ರತಿಭಟಿಸುವ ಹಕ್ಕು ನಮಗಿದೆ, ಪ್ರತಿಭಟಿಸಲೇಬೇಕು.

ಆದರೆ ನ್ಯಾಯ ಕೇಳುವ ಬಾಯಿ ತನ್ನ ಮನೆಯ ಬಗ್ಗೆಯೂ ಮಾತಾಡಬೇಕು. ಪಿಂಜಾರರ ಮನೆಯಿಂದ ಹೆಣ್ಣು ತರಲು ಹಿಂಜರಿಯುವ ಮನೆಗಳು ನಮ್ಮಲ್ಲಿ ಇಲ್ಲವೇ? ಮಸೀದಿಯ ಸಫ್‌ನಲ್ಲಿ ಪಕ್ಕದಲ್ಲಿ ನಿಂತವನು ನಿಕಾಹಿನ ಮಾತು ಬಂದಾಗ ಯಾಕೆ ದೂರದವನಾಗುತ್ತಾನೆ? ಜಮಾತಿನ ಕಮಿಟಿಯಲ್ಲಿ ಒಂದೇ ಮನೆತನ ದಶಕಗಳ ಕಾಲ ಕೂತಿದ್ದರೆ, ಲೆಕ್ಕ ಕೇಳಿದ ಹುಡುಗನನ್ನು ಬೆದರಿಸಿ ಕೂರಿಸಿದರೆ, ಅದನ್ನು ಯಾವ ಜುಮ್ಹೂರಿಯತ್ ಎನ್ನೋಣ? ತಲಾಖಿನ ಪಂಚಾಯಿತಿ ನಡೆಯುವಾಗ ಯಾರ ಬದುಕಿನ ತೀರ್ಮಾನವಾಗುತ್ತದೋ ಆ ಹೆಣ್ಣುಮಗಳ ಮಾತನ್ನು ಎಷ್ಟು ಹೊತ್ತು ಕೇಳುತ್ತೇವೆ? ಇವೆಲ್ಲ ಸಣ್ಣ ವಿಷಯಗಳು ಎಂದು ತಳ್ಳಿಹಾಕುವವರಿದ್ದಾರೆ. ಮಹಾಡ್‌ನಲ್ಲಿ ಬೊಗಸೆ ನೀರೂ ಸಣ್ಣ ವಿಷಯವೇ ಆಗಿತ್ತು.

ಹಿತ್ತಲ ಲೋಟದ ಕಥೆಯನ್ನು ಮುಗಿಸಿಬಿಡಬೇಕು. ಅದನ್ನು ನಾವು ಎಸೆದೆವು ಎಂದು ಬರೆಯಲು ಸಾಧ್ಯವಾಗಿದ್ದರೆ ಎಷ್ಟು ಚೆನ್ನಾಗಿತ್ತು! ನಾವು ಎಸೆಯಲಿಲ್ಲ. ಊರಿಗೆ ಒಳಚರಂಡಿ ಬಂತು, ಹಿತ್ತಲು ಹೋಗಿ ಅಲ್ಲೊಂದು ಕೋಣೆ ಎದ್ದಿತು, ಆ ಹೆಂಗಸು ಬರುವುದು ನಿಂತಿತು. ಲೋಟ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ನಮ್ಮ ಮನೆಯ ಅಸ್ಪೃಶ್ಯತೆಯನ್ನು ಅಳಿಸಿದ್ದು ಒಳಚರಂಡಿಯ ಪೈಪು, ನಮ್ಮ ಮನಸ್ಸಲ್ಲ. ಆಕೆಯ ಹೆಸರೇನು ಎಂದು ಇತ್ತೀಚೆಗೆ ಅಮ್ಮನನ್ನು ಕೇಳಿದೆವು. ಅಮ್ಮ ಬಹಳ ಹೊತ್ತು ಯೋಚಿಸಿದರು. ಅಷ್ಟು ವರ್ಷ ಮನೆಗೆ ಬಂದುಹೋದವಳ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿರಲೇ ಇಲ್ಲ.

ಓದುಗರಲ್ಲಿ ನಮ್ಮದೊಂದು ವಿನಂತಿ. ಇದನ್ನು ಓದಿ ಪತ್ರಿಕೆ ಮಡಿಚಿಟ್ಟ ಮೇಲೆ ನಿಮ್ಮ ಅಡುಗೆಮನೆಗೆ ಹೋಗಿ. ಮನೆಗೆಲಸಕ್ಕೆ ಬರುವವರಿಗೆ, ಗಾರೆ ಕೆಲಸದವರಿಗೆ, ಕಸ ಒಯ್ಯುವವರಿಗೆ ಚಹಾ ಕೊಡುವ ಲೋಟ ಯಾವುದು, ಅದು ಯಾವ ಗೂಡಿನಲ್ಲಿದೆ ನೋಡಿ. ಬೇರೆ ಇದ್ದರೆ ಇವತ್ತೇ ಉಳಿದ ಲೋಟಗಳ ಜೊತೆ ಸೇರಿಸಿಡಿ. ನಾಳೆ ಅವರು ಬಂದಾಗ ಹೆಸರು ಕೇಳಿ.